ತಗ್ಗಿಸಿದ ಕಾರಿನ ಲೆಕ್ಕ

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳ ಕಡೆಗೆ ಒಂದು ಸಂಜೆ ನಮ್ಮ ವಿದ್ಯಾರ್ಥಿಯೊಬ್ಬನ ಕಾರಿನಲ್ಲಿ ಪ್ರಯಾಣ ಮಾಡುವ ಪ್ರಸಂಗ ನಮಗೆ ಒದಗಿತು. ಕಾರು ನೋಡಲು ಬಲು ಸೊಗಸು. ಚಕ್ರಗಳು ಮಡ್‌ಗಾರ್ಡಿನೊಳಗೆ ಅಡಗಿ, ಒಡಲು ನೆಲಕ್ಕೆ ಬಾಗಿ, ಹೊಂಚುಹಾಕಿದ ಚಿರತೆಯಂತೆ ತೋರುತ್ತಿತ್ತು. ಮೊದಲನೆಯ ರಸ್ತೆಯುಬ್ಬಿನಲ್ಲಿಯೇ ಚಿರತೆಯ ಹೊಟ್ಟೆ ನೆಲಕ್ಕೆ ಉಜ್ಜಿ ನಿಂತಿತು. ಚಾಲಕನನ್ನು ಬಿಟ್ಟು ಮೂವರೂ ಇಳಿದೆವು, ಕಾರು ದಾಟಿತು.

“ಸ್ಪ್ರಿಂಗು ಕತ್ತರಿಸಿಸಿದ್ದೇನೆ ಸಾರ್, ಕಾಲು ಭಾಗ ಅಷ್ಟೆ” ಎಂದನು ಹುಡುಗ.

ಈ “ಅಷ್ಟೆ” ಎಷ್ಟೆಂಬುದನ್ನು ನೋಡೋಣ. ಸ್ಪ್ರಿಂಗು ಚಕ್ರದ ನೇರಕ್ಕೆ ಇದ್ದು 250 ಕಿಲೋಗ್ರಾಂ ಭಾರವನ್ನು ಹೊತ್ತಿದೆಯೆಂದು ಭಾವಿಸಿರಿ. ಬಿಡಿಯಾಗಿದ್ದಾಗ ಅದರ ಉದ್ದ 360 ಮಿಲಿಮೀಟರು, ಸುತ್ತುಗಳು 8. ಭಾರ ಬಿದ್ದಾಗ ಅದು 122 ಮಿಲಿಮೀಟರು ಕುಗ್ಗಿ 238ಕ್ಕೆ ಇಳಿಯುತ್ತದೆ. ಈಗ 2 ಸುತ್ತುಗಳನ್ನು ಕತ್ತರಿಸಿದರೆ ಸ್ಪ್ರಿಂಗು ದುರ್ಬಲವಾಗುವುದೊ, ಬಲವಾಗುವುದೊ? ತರಗತಿಯಲ್ಲಿ ಕೇಳಿದಾಗಲೆಲ್ಲ “ದುರ್ಬಲ” ಎಂಬ ಉತ್ತರವೇ ನಮಗೆ ದೊರೆತಿದೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಉಳಿದ ಒಂದೊಂದು ಸುತ್ತಿನ ಮೇಲೂ ಮೊದಲಿನ ಭಾರವೇ ಬೀಳುವುದರಿಂದ ಅದು ಮೊದಲಿನಷ್ಟೇ ಕುಗ್ಗುತ್ತದೆ. ಕುಗ್ಗುವ ಸುತ್ತುಗಳು ಮಾತ್ರ ಕಡಮೆ. ಆದ್ದರಿಂದ ಒಟ್ಟು ಕುಗ್ಗುವಿಕೆ 92 ಮಿಲಿಮೀಟರು. ಭಾರಕ್ಕೂ ಕುಗ್ಗುವಿಕೆಗೂ ಇರುವ ಅನುಪಾತವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದನಷ್ಟೆ. ಅದರಂತೆ ಸ್ಪ್ರಿಂಗು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಪೆಡಸಾಯಿತು. ಉದ್ದ 178 ಮಿಲಿಮೀಟರಿಗೆ ಇಳಿದು, ಕಾರು 60 ಮಿಲಿಮೀಟರು ತಗ್ಗಿತು. ಸೆಕೆಂಡಿಗೆ 1.4 ಬಾರಿ ತೂಗುತ್ತಿದ್ದ ಒಡಲು ಈಗ 1.6 ಬಾರಿ ಕುಲುಕುತ್ತದೆ. ಹಳೆಯ ಸ್ಪ್ರಿಂಗಿಗೆ ಹೊಂದಿಸಿದ್ದ ಷಾಕ್ ಅಬ್ಸಾರ್ಬರಿಗೆ ಇದು ಹೊಸ ಕೆಲಸ.

ಇನ್ನು ರಸ್ತೆಯುಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯ ಉಬ್ಬು 10 ಸೆಂಟಿಮೀಟರು ಎತ್ತರವಿದ್ದರೂ 3.7 ಮೀಟರು ಅಗಲವಾಗಿ ಹರಡಿರುತ್ತದೆ. ಕಾರಿನ ನಾಲ್ಕು ಚಕ್ರಗಳೂ ಅದರ ಇಳಿಜಾರಿನ ಮೇಲೆಯೇ ನಿಲ್ಲಬಲ್ಲವು. ನಮ್ಮನ್ನು ತಡೆದದ್ದು ದಿಂಬಿನಂತೆ ಕಿರಿದಾದ, 9 ಸೆಂಟಿಮೀಟರು ಎತ್ತರದ ಉಬ್ಬು. ಖಾಲಿ ಕಾರಿನ ತಳ ಮೊದಲು ನೆಲದಿಂದ 165 ಮಿಲಿಮೀಟರು ಮೇಲಿದ್ದುದು ಈಗ 105. ನಾಲ್ವರು ಕುಳಿತರೆ ಮತ್ತೆ 22 ಇಳಿದು 83 ಉಳಿಯುತ್ತದೆ. 83 ಮಿಲಿಮೀಟರಿನ ಎಡೆಯಲ್ಲಿ 90 ಮಿಲಿಮೀಟರಿನ ಉಬ್ಬು ಹೇಗೆ ತೂರೀತು? ಚಾಲಕನೊಬ್ಬನೇ ಇದ್ದಾಗ ಸುಮಾರು 99 ಉಳಿಯುತ್ತದೆ. ಆದುದರಿಂದಲೇ ನಾವು ಇಳಿಯಬೇಕಾಯಿತು. 2001ರಲ್ಲಿ ಗಣಿಗಳು ಮುಚ್ಚುವವರೆಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಕೆಳಗಿಳಿಯುತ್ತಿದ್ದ ಊರಿನಲ್ಲಿ ಎರಡಂಗುಲದ ಇಳಿತ ಇಷ್ಟು ಕಾಡಬೇಕೆ!

ತಗ್ಗಿಸುವುದರಿಂದ ಲಾಭವೇ ಇಲ್ಲವೆನ್ನಲಾಗದು. ಗುರುತ್ವ ಕೇಂದ್ರ ಕೆಳಗಿಳಿದಷ್ಟೂ ತಿರುವಿನಲ್ಲಿ ಹೊರಚಕ್ರಗಳ ಮೇಲೆ ಒರಗುವ ಭಾರ ಕಡಮೆ. ಪಂದ್ಯದ ಕಾರುಗಳು ತಗ್ಗಾಗಿರುವುದು ಇದಕ್ಕಾಗಿಯೇ. ಆದರೆ ಅವುಗಳ ಹಾದಿ ನುಣುಪು, ಸ್ಪ್ರಿಂಗುಗಳು ಅದಕ್ಕೆಂದೇ ತಯಾರಾದವು. ಗ್ಯಾಸಿನ ಜ್ವಾಲೆಯಿಂದ ಕತ್ತರಿಸಿದಾಗಲಾದರೊ, ಕಾದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ.

ನಮ್ಮನ್ನು ನಿಜವಾಗಿ ಹೆದರಿಸಿದ್ದು ಬೇರೊಂದು. ಹಳ್ಳಕ್ಕೆ ಬಿದ್ದ ಚಕ್ರ ಕೆಳಕ್ಕೆ ಜೋತಾಗ ಸ್ಪ್ರಿಂಗು ಹಿಗ್ಗಿ ಆ ಎಡೆಯನ್ನು ತುಂಬಬೇಕು. 360 ಮಿಲಿಮೀಟರಿನ ಸ್ಪ್ರಿಂಗು ಈಗ 270 ಮಾತ್ರ. ಎಡೆ ಅದಕ್ಕಿಂತ ದೊಡ್ಡದಾದರೆ ಸ್ಪ್ರಿಂಗು ಪೀಠದಿಂದ ಜರುಗಬಹುದು. ವೇಗದಲ್ಲಿರುವಾಗ ಹಾಗಾದರೆ ಗಾಡಿ ಕೈಮೀರುತ್ತದೆ. ಹುಡುಗ ನಂಬಲಿಲ್ಲ. ಮರುದಿನ ಜಾಕಿಯಿಂದ ಕಾರನ್ನೆತ್ತಿ, ಸ್ಪ್ರಿಂಗನ್ನು ಮುಟ್ಟೆಂದೆವು. ಎರಡು ಬೆರಳಿಗೇ ಅದು ಸಡಿಲವಾಗಿ ತಿರುಗಿತು. ಅವನು ಬಹಳ ಹೊತ್ತು ಅದನ್ನೇ ತಿರುಗಿಸುತ್ತ ಕುಳಿತಿದ್ದನು.