ಅಸ್ಥಿಕಸಿಗೆ ಬದಲಾಗಿ ರಂಧ್ರಮಯ ಕೃತಕ ವಸ್ತುಗಳು

ಮುರಿದ ಎಲುಬು ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುವುದೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಅಪಘಾತದಿಂದಲೋ ಗಡ್ಡೆಯನ್ನು ಕತ್ತರಿಸಿ ತೆಗೆದುದರಿಂದಲೋ ಎಲುಬಿನ ದೊಡ್ಡದೊಂದು ಭಾಗವೇ ಇಲ್ಲವಾದಾಗ, ಆ ತೆರಪನ್ನು ದೇಹವು ತಾನೇ ತುಂಬಿಕೊಳ್ಳಲಾರದು. ಅಂಥಲ್ಲಿ ರೋಗಿಯ ಸೊಂಟದ ಎಲುಬಿನ ಅಂಚಿನಿಂದ ಚೂರುಗಳನ್ನು ತೆಗೆದು ಕಸಿಮಾಡುವುದು ಶಸ್ತ್ರವೈದ್ಯರ ರೂಢಿ. ಜೀವಂತ ಕೋಶಗಳನ್ನುಳ್ಳ ಈ ಕಸಿಯನ್ನು ಮೀರಿಸುವಂಥದು ಇಂದಿಗೂ ದೊರೆತಿಲ್ಲ. ಆದರೂ ಒಂದು ಗಾಯವನ್ನು ಮಾಯಿಸಲು ಇನ್ನೊಂದನ್ನು ಮಾಡಬೇಕಾಗುತ್ತದೆ. ಆ ಎರಡನೆಯದರ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದುಂಟು. ಮಕ್ಕಳಲ್ಲಂತೂ ಹಾಗೆ ತೆಗೆಯಲು ಸಿಗುವ ಎಲುಬೇ ಅಲ್ಪ.

ಎಲುಬಿನ ಖನಿಜಾಂಶವು ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟನ್ನು ಬಹುಮಟ್ಟಿಗೆ ಹೋಲುತ್ತದೆ. ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವುದು ಕಷ್ಟವೇನಲ್ಲ. ಹಾಗಾದರೆ ಅದರ ಗಟ್ಟಿ ತುಂಡೊಂದನ್ನು ತೆರಪಿನಲ್ಲಿಟ್ಟರೆ ಸಾಲದೆ? ಸಾಲದು. ಹೊಸ ಎಲುಬು ಅದರ ಹೊರಮೈಗೆ ಅಂಟಿಕೊಂಡೀತೇ ಹೊರತು ಒಳಹೊಗಲಾರದು. ಎಲುಬನ್ನು ಕಟ್ಟುವವು ಕೋಶಗಳು. ಅವು ಬದುಕಲು ರಕ್ತ ಬೇಕು. ರಕ್ತನಾಳಗಳು ಒಳಗೆ ಬರಲು ದಾರಿ ಬೇಕು. ಆದಕಾರಣ ವಸ್ತುವಿನ ಗುಣವನ್ನು ನೋಡುವಷ್ಟೇ ಎಚ್ಚರದಿಂದ ಅದರೊಳಗಿನ ರಂಧ್ರಗಳನ್ನೂ ನೋಡಬೇಕಾಗಿದೆ.

ರಂಧ್ರಗಳು ಎಷ್ಟು ದೊಡ್ಡವಿರಬೇಕು? 1970ರ ಸುಮಾರಿಗೆ ಹಲ್ಬರ್ಟ್ ಮತ್ತು ಅವರ ಸಂಗಡಿಗರು ರಂಧ್ರಮಯ ಪಿಂಗಾಣಿಯ ತುಂಡುಗಳನ್ನು ಪ್ರಾಣಿಗಳ ಎಲುಬಿನಲ್ಲಿಟ್ಟು ಪರೀಕ್ಷಿಸಿದರು. ಅಡ್ಡಳತೆ ಸುಮಾರು 100 ಮೈಕ್ರೋಮೀಟರಿಗೆ, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೆ, ಕಡಮೆಯಾಗಬಾರದೆಂಬ ಮಾತು ಅಲ್ಲಿಂದ ಬಳಕೆಗೆ ಬಂದಿತು. ರಕ್ತನಾಳಗಳು ಚೆನ್ನಾಗಿ ಹಬ್ಬಬೇಕಾದರೆ 300ಕ್ಕಿಂತ ಹೆಚ್ಚಿರುವುದು ಲೇಸೆಂದು ಈಚಿನವರು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಅಂಕಿಗಳಿಗಿಂತ ಹೆಚ್ಚಿನ ಮಹತ್ವವುಳ್ಳದ್ದು ರಂಧ್ರಗಳ ಪರಸ್ಪರ ಸಂಪರ್ಕ. ಕೋಣೆಗಳು ಎಷ್ಟು ವಿಶಾಲವಾಗಿದ್ದರೇನು, ಒಂದರಿಂದ ಇನ್ನೊಂದಕ್ಕೆ ಬಾಗಿಲಿಲ್ಲದ ಮನೆಯಲ್ಲಿ ಯಾರು ತಾನೆ ವಾಸಮಾಡಿಯಾರು?

ಇಂಥ ಬಾಗಿಲುಗಳ ಮನೆಯನ್ನು ನಿಸರ್ಗವು ಕಡಲಿನಲ್ಲಿ ಮೊದಲೇ ಕಟ್ಟಿಟ್ಟಿದೆ. ಪೊರೈಟಿಸ್ ಜಾತಿಯ ಹವಳದ ಗೂಡಿನಲ್ಲಿ ಸುಮಾರು 200 ಮೈಕ್ರೋಮೀಟರಿನ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿವೆ. ಆದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟು. ದೇಹದಲ್ಲಿ ಬೇಗನೆ ಕರಗುವಂಥದು. 1974ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ಡೆಲ್ಲಾ ರಾಯ್ ಮತ್ತು ಲಿನ್ನೆಹಾನ್ ಎಂಬವರು, ಹವಳವನ್ನು ಫಾಸ್ಫೇಟಿನ ದ್ರಾವಣದೊಡನೆ ಹೆಚ್ಚಿನ ಒತ್ತಡದಲ್ಲಿ ಕಾಯಿಸಿ ಹೈಡ್ರಾಕ್ಸಿಅಪಟೈಟ್ ಆಗಿ ಮಾರ್ಪಡಿಸಿದುದನ್ನು ಪ್ರಕಟಿಸಿದರು. ವಸ್ತು ಬದಲಾಯಿತು, ರಂಧ್ರಗಳ ವಿನ್ಯಾಸ ಹಾಗೆಯೇ ಉಳಿಯಿತು.

ಹವಳವನ್ನೇ ನೆಚ್ಚಬೇಕೆಂದಿಲ್ಲ. ಪಾಲಿಯುರೆಥೇನ್ ಸ್ಪಂಜನ್ನು ಹೈಡ್ರಾಕ್ಸಿಅಪಟೈಟಿನ ರಾಡಿಯಲ್ಲಿ ಅದ್ದಿ ಒಣಗಿಸಿ, ಮೆಲ್ಲನೆ ಕಾಯಿಸಿದರೆ ಸ್ಪಂಜು ಸುಟ್ಟುಹೋಗುತ್ತದೆ. ಬಳಿಕ ಸುಮಾರು 1200 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಅದರ ಆಕೃತಿಯ ಪಿಂಗಾಣಿ ಸಿದ್ಧವಾಗುತ್ತದೆ. ಮೇಣದ ಅಚ್ಚನ್ನು ಕರಗಿಸಿ ವಿಗ್ರಹ ಎರೆಯುವ ಶಿಲ್ಪಿಗಳಿಗೆ ಈ ಉಪಾಯ ಹೊಸದೆನಿಸದು.

ತೊಡಕಿರುವುದು ಬಲದಲ್ಲಿ. ರಂಧ್ರಗಳು ಹೆಚ್ಚಿದಂತೆ ಎಲುಬಿನ ಬೆಳವಣಿಗೆಗೆ ಅನುಕೂಲ. ಆದರೆ ತುಂಡು ಅಷ್ಟಷ್ಟೇ ಪೆಳಸಾಗುತ್ತದೆ. ಆದಕಾರಣ ಭಾರ ಹೊರುವ ತೊಡೆಯೆಲುಬಿನಂಥ ಕಡೆಗಳಲ್ಲಿ, ಹೊಸ ಎಲುಬು ಬಲಿಯುವವರೆಗೆ ಲೋಹದ ಪಟ್ಟಿಯ ಆಸರೆಯನ್ನು ಕೊಡಲೇಬೇಕು. ಇನ್ನು, ಸುಟ್ಟ ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಕರಗದೆ ಉಳಿಯುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕಿಂತ ಬಹು ಬೇಗ ಕರಗುತ್ತದೆ. ಎಲುಬು ಬೆಳೆಯುವ ವೇಗಕ್ಕೆ ಕರಗುವ ವೇಗವನ್ನು ಹೊಂದಿಸುವುದಕ್ಕಾಗಿಯೇ ಇವೆರಡನ್ನೂ ಬೇರೆಬೇರೆ ಪ್ರಮಾಣಗಳಲ್ಲಿ ಬೆರಸಿ ಬಳಸುತ್ತಿದ್ದಾರೆ.