ಸಿದ್ದಿ ಜನರ ವಂಶವೃತ್ತಾಂತ ಮತ್ತು ಜೀವಕೋಶದ ಸಾಕ್ಷ್ಯ

ಸೂರತ್ತಿನಿಂದ ಮುಂಬಯಿಯ ಕಡೆಗೆ ಹೊರಟ ರೈಲು ದಾಟುವ ಮೊದಲ ಕೆಲವು ನಿಲ್ದಾಣಗಳಲ್ಲಿ ಸಚಿನ್ ಒಂದು. ಇಂದು ಆ ಹೆಸರು ಕೇಳಿದವರಿಗೆ ನೆನಪಾಗುವುದು ಕೈಗಾರಿಕಾ ವಸಾಹತು, ಮಗ್ಗಗಳು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು. ಆದರೆ 1791ರಿಂದ 1948ರವರೆಗೆ ಸಚಿನ್ ಒಂದು ಪುಟ್ಟ ಸಂಸ್ಥಾನವಾಗಿತ್ತು; ಅದನ್ನು ಆಳಿದ ನವಾಬರು ಆಫ್ರಿಕ ಮೂಲದ ಸಿದ್ದಿಗಳು. ಕೊಂಕಣ ಕರಾವಳಿಯ ಜಂಜೀರಾ ಕೋಟೆಯ ಒಡೆತನಕ್ಕೆ ಹಕ್ಕುದಾರನಾಗಿದ್ದ ಬಾಲೂ ಮಿಯಾ ಎಂಬ ರಾಜಕುಮಾರನು ಆ ಹಕ್ಕನ್ನು ಪೇಶ್ವೆಗೆ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಸೂರತ್ತಿನ ಬಳಿಯ ಕೆಲವು ಹಳ್ಳಿಗಳನ್ನು ಪಡೆದನು. ಪೇಶ್ವೆಗೆ ಮಾತ್ರ ಜಂಜೀರಾ ಕೊನೆಯವರೆಗೂ ದಕ್ಕಲಿಲ್ಲ. ಸಚಿನ್ ಸಂಸ್ಥಾನ ಹುಟ್ಟಿದ್ದು ಹೀಗೆ, ಒಂದು ಕೈಗೂಡದ ವಿನಿಮಯದಿಂದ.

ಅಹಮದಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಸಿದ್ದಿಗಳ ಪರಿಚಯ ಕಲ್ಲಿನ ಮೂಲಕ ಮೊದಲೇ ಆಗಿರುತ್ತದೆ. 1573ರ ಸುಮಾರಿನಲ್ಲಿ ಮುಗಿದ ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರವನ್ನು ನೋಡದೆ ಆ ನಗರದಲ್ಲಿ ವರ್ಷಗಳನ್ನು ಕಳೆದವರು ವಿರಳ. ಭರೂಚ್ ಜಿಲ್ಲೆಯ ರತನ್‌ಪುರದಲ್ಲಿ ಬಾವಾ ಗೋರ್ ದರ್ಗೆಯ ಸುತ್ತಲೂ, ಗಿರ್ ಅರಣ್ಯದ ಅಂಚಿನ ಜಂಬೂರಿನಲ್ಲಿಯೂ ಸಿದ್ದಿಗಳ ವಸತಿಗಳಿವೆ. ಇತ್ತ ಕರ್ನಾಟಕದಲ್ಲಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡಿನ ನಡುವೆ ಇನ್ನೊಂದು ಸಿದ್ದಿ ಸಮುದಾಯವಿದೆ. ಗೋವೆಯ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಘಟ್ಟವೇರಿ ಬಂದವರ ಸಂತತಿ ಇವರಲ್ಲಿ ಹೆಚ್ಚೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಇವರಲ್ಲಿ ಹಿಂದುಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಗುಜರಾತಿನವರ ಮಾತು ಗುಜರಾತಿ. ನವಾಬನ ಅರಮನೆ, ದರ್ಗೆಯ ಫಕೀರರ ಗುಡಿಸಲು, ಯಲ್ಲಾಪುರದ ಕಾಡಿನ ಮನೆ, ಈ ಮೂರಕ್ಕೂ ಒಂದೇ ಹೆಸರು ಹೇಗೆ ಬಂತು? ಇವರೆಲ್ಲ ಎಲ್ಲಿಂದ, ಯಾವಾಗ ಬಂದವರು?

ಅರಸರ ವಂಶಕ್ಕೆ ಸನ್ನದುಗಳಿವೆ. ತಪ್ಪಿಸಿಕೊಂಡು ಓಡಿದ ದಾಸನು ಕಾಗದಪತ್ರಗಳನ್ನು ಬಿಟ್ಟುಹೋಗುವುದಿಲ್ಲ. ಅಂಥ ಕಡೆ ಇತಿಹಾಸವು ಮೂಕವಾದಾಗ ಜೀವಶಾಸ್ತ್ರವು ಒಂದಿಷ್ಟು ಮಾತನಾಡಬಲ್ಲುದು. ಅದು ಎಷ್ಟು ಮಾತನಾಡೀತು, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ತಿಳಿಯಲು ಕೋಶವಿಭಜನೆಯ ಕ್ರಮವನ್ನು ಸ್ವಲ್ಪ ನೋಡಬೇಕು.

ಮನುಷ್ಯನ ಒಂದೊಂದು ಜೀವಕೋಶದ ಕೇಂದ್ರದಲ್ಲಿ 46 ವರ್ಣತಂತುಗಳಿವೆ. ಈ ಎಣಿಕೆ ಸರಿಯಾಗಿ ಸಿದ್ಧವಾದದ್ದು 1956ರಲ್ಲಿ. ಅದಕ್ಕೆ ಮುನ್ನ ಮೂರು ದಶಕಗಳ ಕಾಲ ಪಾಠಪುಸ್ತಕಗಳು 48 ಎಂದೇ ಸಾರುತ್ತಿದ್ದವು. ತಂದೆಯಿಂದ ಇಪ್ಪತ್ತಮೂರು, ತಾಯಿಯಿಂದ ಇಪ್ಪತ್ತಮೂರು, ಹೀಗೆ ಜೋಡಿಜೋಡಿಯಾಗಿ ಇವು ಬಂದಿರುತ್ತವೆ. ಗಾಯ ಮಾಯುವಾಗ, ಕೂಸು ಬೆಳೆಯುವಾಗ ನಡೆಯುವುದು ಸಾಮಾನ್ಯ ವಿಭಜನೆ. ನೆರೆಯ ಕೋಶಗಳಿಂದಲೋ ರಕ್ತದಿಂದಲೋ ಬೆಳವಣಿಗೆಯ ಸಂಜ್ಞೆ ಬಂದಾಗ, ಕೋಶವು ತನ್ನ ವರ್ಣತಂತುಗಳನ್ನೆಲ್ಲ ಅಕ್ಷರ ಬಿಡದೆ ನಕಲು ಮಾಡಿ, ಎರಡು ಮರಿಕೋಶಗಳಿಗೆ 46ನ್ನೇ ಹಂಚುತ್ತದೆ. ಇದಕ್ಕೆ ಮೈಟಾಸಿಸ್ ಎಂದು ಹೆಸರು. ಇಲ್ಲಿ ಹೊಸತೇನೂ ಇಲ್ಲ. ನಕಲಿನ ನಿಷ್ಠೆಯೇ ಇದರ ಗುಣ.

ಅಂಡಾಣುವೂ ವೀರ್ಯಾಣುವೂ ಹುಟ್ಟುವ ವಿಭಜನೆಯ ರೀತಿಯೇ ಬೇರೆ. ಮಿಯಾಸಿಸ್ ಎಂಬ ಈ ವಿಭಜನೆಯಲ್ಲಿ ವರ್ಣತಂತುಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಅದಕ್ಕಿಂತಲೂ ಗಮನಾರ್ಹವಾದ ಘಟನೆಯೊಂದು ಇಳಿಯುವ ಮುನ್ನವೇ ನಡೆದುಹೋಗುತ್ತದೆ. ತಂದೆಯಿಂದ ಬಂದ ತಂತು ಮತ್ತು ತಾಯಿಯಿಂದ ಬಂದ ತಂತು ಒಂದರ ಪಕ್ಕಕ್ಕೊಂದು ಒರಗಿ, ಅಲ್ಲಲ್ಲಿ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಬೆಸೆದುಕೊಳ್ಳುತ್ತವೆ. ಆದುದರಿಂದ ಮಗುವಿಗೆ ಹೋಗುವ ತಂತು ಅಜ್ಜನದೂ ಅಲ್ಲ, ಅಜ್ಜಿಯದೂ ಅಲ್ಲ. ಇಬ್ಬರ ತುಂಡುಗಳನ್ನು ಕೂಡಿಸಿ ಹೊಲಿದದ್ದು. ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಹೆಸರಾದುವು. ವರ್ಣತಂತುವನ್ನು ಅಂಥ ಒಂದು ಕೌದಿ ಎಂದು ಭಾವಿಸುವುದು ತಪ್ಪಾಗದು. ವ್ಯತ್ಯಾಸವಿಷ್ಟೆ: ಇಲ್ಲಿ ಪ್ರತಿ ತಲೆಮಾರಿನಲ್ಲಿಯೂ ಕೌದಿಯನ್ನು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿಯಲಾಗುತ್ತದೆ. ಚೂರುಗಳು ಒಂದೇ ಸಮನೆ ಚಿಕ್ಕವಾಗುತ್ತ ಹೋಗುತ್ತವೆ.

ಈ ಚಿಕ್ಕದಾಗುವಿಕೆಯೇ ಗಡಿಯಾರ. ಡಿ. ಎನ್. ಎ.ಯ ಬರಹದಲ್ಲಿ ಸುಮಾರು ಹತ್ತು ಕೋಟಿ ಅಕ್ಷರಗಳ ಉದ್ದಕ್ಕೆ, ಸರಾಸರಿಯಲ್ಲಿ, ತಲೆಮಾರಿಗೊಂದು ಅದಲುಬದಲು ಆಗುತ್ತದೆಂದು ಲೆಕ್ಕ. ಆಫ್ರಿಕದ ಪೂರ್ವಿಕರೂ ಭಾರತದ ಪೂರ್ವಿಕರೂ ಎರಡು ಮೂರು ತಲೆಮಾರುಗಳ ಹಿಂದೆಯಷ್ಟೇ ಕೂಡಿದ್ದರೆ, ಇಂದಿನ ಸಂತಾನದ ವರ್ಣತಂತುಗಳಲ್ಲಿ ಆಫ್ರಿಕದ ಭಾಗಗಳು ಉದ್ದುದ್ದ ಪಟ್ಟೆಗಳಾಗಿ ಕಾಣಬೇಕು. ಎಂಟು ತಲೆಮಾರು ಕಳೆದಿದ್ದರೆ ಪಟ್ಟೆಗಳು ಕೋಟಿ ಅಕ್ಷರಗಳ ಆಸುಪಾಸಿಗೆ ಇಳಿದಿರಬೇಕು. ಇಪ್ಪತ್ತು ತಲೆಮಾರಾದರೆ ಅದಕ್ಕೂ ಅರ್ಧ. ಪಟ್ಟೆಗಳ ಉದ್ದವನ್ನು ಅಳೆದವರು ಕಾಲವನ್ನು ಹಿಂದಕ್ಕೆ ಎಣಿಸಬಹುದು.

ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಲಾಲ್ಜಿ ಸಿಂಗ್, ತಂಗರಾಜ್ ಮೊದಲಾದವರು ಕರ್ನಾಟಕದ ಮತ್ತು ಗುಜರಾತಿನ ಸಿದ್ದಿಗಳ ರಕ್ತದಿಂದ ಡಿ. ಎನ್. ಎ.ಯನ್ನು ತೆಗೆದು, ಲಕ್ಷಗಟ್ಟಲೆ ಗುರುತುಗಳನ್ನು ಪರೀಕ್ಷಿಸಿ, 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಫ್ರಿಕ, ಭಾರತ, ಮತ್ತು ಪ್ರಾಯಶಃ ಪೋರ್ತುಗಲ್ಲಿನ ಮೂಲಕ ಯುರೋಪು, ಈ ಮೂರರ ಅಂಶಗಳೂ ಇವರಲ್ಲಿ ಕಂಡವು. ಆಫ್ರಿಕದ ಪಾಲು ಅಲ್ಲಿನ ಬಾಂಟು ಭಾಷೆಗಳನ್ನಾಡುವ ಜನರ ಕಡೆಗೆ ಬೆರಳು ಮಾಡಿತು. ನೆರೆಯ ಭಾರತೀಯ ಜನರೊಡನೆ ಬೆರಕೆಯಾದದ್ದು ಕಳೆದ ಎಂಟು ತಲೆಮಾರುಗಳ ಅವಧಿಯಲ್ಲಿ, ಎಂದರೆ ಸುಮಾರು ಇನ್ನೂರು ವರ್ಷಗಳ ಈಚೆಗೆ, ಎಂದು ಅವರ ಅಂದಾಜು.

ಈ ಎಂಟು ಎಂಬ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಅದು ಬೆರೆತ ಕಾಲವೇ ಹೊರತು ಬಂದ ಕಾಲವಲ್ಲ. ಅಹಮದಾಬಾದಿನ ಮಸೀದಿ ನಾಲ್ಕೂವರೆ ಶತಮಾನಗಳ ಹಿಂದಿನದು. ಅಹಮದ್‌ನಗರದ ಮಲಿಕ್ ಅಂಬರ್ ತೀರಿಕೊಂಡದ್ದು 1626ರಲ್ಲಿ. ಹೊರಗಿನಿಂದ ಬಂದ ಗುಂಪು ತಲೆಮಾರುಗಟ್ಟಲೆ ತನ್ನೊಳಗೇ ಮದುವೆ ಮಾಡಿಕೊಂಡಿದ್ದರೆ ಗಡಿಯಾರ ಓಡಲು ತೊಡಗುವುದೇ ಇಲ್ಲ. ಏಕೆಂದರೆ ಆಫ್ರಿಕದ ತುಂಡು ಇನ್ನೊಂದು ಆಫ್ರಿಕದ ತುಂಡಿನೊಡನೆ ಅದಲುಬದಲಾದರೆ ಕಣ್ಣಿಗೆ ಕಾಣುವ ಗೆರೆ ಮೂಡದು. ಬೆರಕೆ ಒಂದೇ ಬಾರಿಗೆ ನಡೆಯದೆ ಬಹುಕಾಲ ಹರಿಯುತ್ತ ಬಂದಿದ್ದರೆ, ಲೆಕ್ಕಕ್ಕೆ ಸಿಕ್ಕುವುದು ಅದರ ನಡುವಿನ ಯಾವುದೋ ಒಂದು ಸರಾಸರಿ. ಪತ್ರಿಕೆಗಳಲ್ಲಿ ಇಂಥ ಸಂಖ್ಯೆಗಳು ಅಚ್ಚಾಗುವಾಗ ಈ ಸೂಕ್ಷ್ಮಗಳು ಸಾಮಾನ್ಯವಾಗಿ ಕೈಬಿಟ್ಟುಹೋಗುತ್ತವೆ.

ಅದಲುಬದಲಿಗೆ ಒಳಗಾಗದ ಎರಡು ದಾಖಲೆಗಳೂ ಜೀವಕೋಶದಲ್ಲಿವೆ. ಒಂದು, ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತು. ಅದರ ಬಹುಭಾಗ ತಂದೆಯಿಂದ ಮಗನಿಗೆ ಹಾಗೆಯೇ ಇಳಿದುಬರುತ್ತದೆ. ಇನ್ನೊಂದು, ಕೋಶಕೇಂದ್ರದ ಹೊರಗೆ, ಕೋಶಕ್ಕೆ ಶಕ್ತಿಯೊದಗಿಸುವ ಮೈಟೋಕಾಂಡ್ರಿಯಗಳಲ್ಲಿರುವ 16,569 ಅಕ್ಷರಗಳ ಪುಟ್ಟ ಬಳೆ. ಅದು ಬರುವುದು ತಾಯಿಯಿಂದ. ಒಂದು ಜನಾಂಗದಲ್ಲಿ ತಂದೆಯ ಕಡೆಯ ಗೆರೆಗಳು ಹೊರಗಿನವಾಗಿ, ತಾಯಿಯ ಕಡೆಯ ಗೆರೆಗಳು ಸ್ಥಳೀಯವಾಗಿದ್ದರೆ, ಬಂದ ಗಂಡಸರು ಇಲ್ಲಿನ ಹೆಂಗಸರನ್ನು ಮದುವೆಯಾದರೆಂದು ಊಹಿಸಬಹುದು. ಸಿದ್ದಿಗಳಲ್ಲಿ ಎರಡು ಕಡೆಯಿಂದಲೂ ಆಫ್ರಿಕದ ಗೆರೆಗಳು ಉಳಿದುಬಂದಿವೆ. ಹಡಗಿನಲ್ಲಿ ತಂದವರಲ್ಲಿ ಹೆಂಗಸರೂ ಇದ್ದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಡ.

ಆದರೂ ಇಲ್ಲಿ ಒಂದು ಸರಳ ಗುಣಾಕಾರವನ್ನು ಮರೆಯಬಾರದು. ಎಂಟು ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ಮನುಷ್ಯನಿಗೆ 256 ಪೂರ್ವಿಕರ ಸ್ಥಾನಗಳಿವೆ. ವೈ ವರ್ಣತಂತು ಹೇಳುವುದು ಅವರಲ್ಲಿ ಒಬ್ಬನ ಸುದ್ದಿ. ಮೈಟೋಕಾಂಡ್ರಿಯ ಹೇಳುವುದು ಒಬ್ಬಳ ಸುದ್ದಿ. ಉಳಿದ 254 ಮಂದಿಯ ವಿಷಯದಲ್ಲಿ ಇವೆರಡೂ ಮೌನ. ಸಚಿನ್ನಿನ ನವಾಬರ ವಂಶಾವಳಿಯಾದರೂ ಇಂಥದೇ. ಅದರಲ್ಲಿ ತಂದೆಯಿಂದ ಮಗನಿಗೆ ಬಂದ ಒಂದು ಎಳೆ ಮಾತ್ರ ಬರೆಹಕ್ಕೆ ಬಂದಿದೆ.

ಇಷ್ಟಾದರೂ ಜನರು ನಂಬುವುದು ಕಣ್ಣಿಗೆ ಕಾಣುವ ಮೈಬಣ್ಣವನ್ನೇ. ಆದಕಾರಣ ಅದರ ಜೀವಶಾಸ್ತ್ರವನ್ನೂ ನೋಡುವುದು ಲೇಸು. ತೊಗಲಿನಲ್ಲಿ ಮೆಲನಿನ್ ಎಂಬ ಕಪ್ಪು ದ್ರವ್ಯವನ್ನು ತಯಾರಿಸುವ ವರ್ಣಕೋಶಗಳಿವೆ. ಕಾಡಿನಲ್ಲಿ ಜೇನು ಇಳಿಸುವ ಸಿದ್ದಿಯ ತೊಗಲಿನಲ್ಲಿಯೂ, ಅವನ ನೆರೆಯ ಹವ್ಯಕ ತೋಟಿಗನ ತೊಗಲಿನಲ್ಲಿಯೂ, ಲಿಸ್ಬನ್ನಿನ ವ್ಯಾಪಾರಿಯ ತೊಗಲಿನಲ್ಲಿಯೂ ಇವುಗಳ ಸಂಖ್ಯೆ ಹೆಚ್ಚುಕಡಮೆ ಒಂದೇ. ಭೇದವಿರುವುದು ಅವು ಎಷ್ಟು ಮೆಲನಿನ್ ತಯಾರಿಸುತ್ತವೆ, ಯಾವ ಬಗೆಯದನ್ನು ತಯಾರಿಸುತ್ತವೆ, ಅದನ್ನು ಹೇಗೆ ಪೊಟ್ಟಣ ಕಟ್ಟಿ ನೆರೆಯ ಕೋಶಗಳಿಗೆ ದಾಟಿಸುತ್ತವೆ ಎಂಬುದರಲ್ಲಿ. ಬಿಸಿಲಿನ ನೇರಳಾತೀತ ಕಿರಣಗಳು ತೊಗಲಿನ ಮೇಲಣ ಕೋಶಗಳ ಡಿ. ಎನ್. ಎ.ಗೆ ಹಾನಿ ಮಾಡಿದಾಗ, ಆ ಕೋಶಗಳು ಒಂದು ಹಾರ್ಮೋನನ್ನು ಸ್ರವಿಸುತ್ತವೆ. ವರ್ಣಕೋಶದ ಹೊರಪೊರೆಯಲ್ಲಿ ಅದಕ್ಕೆಂದೇ ಒಂದು ಗ್ರಾಹಕವುಂಟು. ಬೀಗಕ್ಕೆ ಬೀಗದಕೈ ಕೂಡುವಂತೆ ಹಾರ್ಮೋನು ಅದಕ್ಕೆ ಕೂಡುತ್ತದೆ. ಅದು ಒಳಗೆ ಕಾಲಿಡುವುದೂ ಇಲ್ಲ. ಗ್ರಾಹಕವು ಒಳಗಡೆ ಸೈಕ್ಲಿಕ್ ಎ. ಎಂ. ಪಿ. ಎಂಬ ಇನ್ನೊಬ್ಬ ದೂತನನ್ನು ಎಬ್ಬಿಸುತ್ತದೆ. ಅವನ ಸುದ್ದಿ ಕೋಶಕೇಂದ್ರವನ್ನು ಮುಟ್ಟಿದಾಗ ಮೆಲನಿನ್ ತಯಾರಿಕೆಗೆ ಬೇಕಾದ ಕಿಣ್ವಗಳ ಜೀನುಗಳು ಎಚ್ಚರಗೊಳ್ಳುತ್ತವೆ. ಕಡಲತೀರಕ್ಕೆ ಹೋಗಿಬಂದವನ ಮುಖ ಕಪ್ಪಿಡುವುದು ಹೀಗೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ಜೀನಿನ ಒಂದೆರಡು ಅಕ್ಷರ ಬದಲಾದರೂ ಹುಟ್ಟುಬಣ್ಣ ಬದಲಾದೀತು. ಮುನ್ನೂರು ಕೋಟಿ ಅಕ್ಷರಗಳ ಬರಹದಲ್ಲಿ ಬಣ್ಣಕ್ಕೆ ಸಂಬಂಧಿಸಿದ ಸ್ಥಾನಗಳು ಅತ್ಯಲ್ಪ. ಬಣ್ಣವನ್ನು ನೋಡಿ ಉಳಿದ ಬರಹವನ್ನು ಓದಿದಂತಾಯಿತೆಂದು ಭಾವಿಸುವುದು, ರಟ್ಟಿನ ಬಣ್ಣ ನೋಡಿ ಪುಸ್ತಕದ ವಿಮರ್ಶೆ ಬರೆದಂತೆ.

ಸಿದ್ದಿಗಳ ವಿಷಯದಲ್ಲಿ ಈ ತಪ್ಪು ಸರಕಾರದ ಮಟ್ಟದಲ್ಲಿಯೂ ನಡೆದದ್ದುಂಟು. ಆಫ್ರಿಕದ ಓಟಗಾರರು ಲೋಕಪ್ರಸಿದ್ಧರು, ಸಿದ್ದಿಗಳು ಆಫ್ರಿಕ ಮೂಲದವರು, ಆದ್ದರಿಂದ ಇವರನ್ನು ತರಬೇತು ಮಾಡಿದರೆ ಪದಕಗಳು ಬಂದಾವು ಎಂಬ ತರ್ಕದಿಂದ, 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಕರ್ನಾಟಕ ಮತ್ತು ಗುಜರಾತುಗಳಿಂದ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು; ಓದಿಗೂ ಉದ್ಯೋಗಕ್ಕೂ ದಾರಿಯಾಯಿತು. ಅದು ಸಣ್ಣ ಲಾಭವಲ್ಲ. ಆದರೆ 1990ರ ದಶಕದ ಮೊದಲಲ್ಲಿಯೇ ಯೋಜನೆ ನಿಂತುಹೋಗಿ, ಎಷ್ಟೋ ಮಂದಿ ನಡುದಾರಿಯಲ್ಲಿಯೇ ಊರಿಗೆ ಮರಳಬೇಕಾಯಿತು. ಓಟವೆಂಬುದು ಒಂದು ಜೀನಿನ ಕೆಲಸವಲ್ಲ. ನೂರಾರು ಜೀನುಗಳು, ಊಟ, ಅಭ್ಯಾಸ, ಗುರು, ವರ್ಷಗಟ್ಟಲೆಯ ಹಣದ ನೆರವು ಎಲ್ಲವೂ ಕೂಡಿ ಆಗುವಂಥದು. ತರ್ಕದ ಮೊದಲ ಭಾಗವನ್ನು ನಂಬಿದಷ್ಟು ಉತ್ಸಾಹದಿಂದ ಎರಡನೆಯ ಭಾಗಕ್ಕೆ ಹಣ ಒದಗಿಸಲಿಲ್ಲವೆಂದೇ ಹೇಳಬೇಕು.

ಇನ್ನು ಪರಿಶಿಷ್ಟ ಪಂಗಡದ ಮಾತು. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಯನ್ನು ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು ಸೇರಿದ್ದು 2020ರ ತಿದ್ದುಪಡಿಯಿಂದ. ಹಳಿಯಾಳದ ಕಾಡು ಎಲ್ಲಿ ಮುಗಿದು ಕಲಘಟಗಿಯ ಕಾಡು ಎಲ್ಲಿ ತೊಡಗುತ್ತದೆಂಬುದು ವರ್ಣತಂತುಗಳಿಗೆ ಗೊತ್ತಿಲ್ಲ. ಅಣ್ಣನಿಗೆ ಸಿಕ್ಕ ಪ್ರಮಾಣಪತ್ರ ಜಿಲ್ಲೆಯ ಗಡಿಯಾಚೆಗಿದ್ದ ತಮ್ಮನಿಗೆ ಹದಿನೇಳು ವರ್ಷ ಸಿಕ್ಕಲಿಲ್ಲ. ಹಾಗೆಂದು ರಕ್ತಪರೀಕ್ಷೆಯಿಂದ ಇದನ್ನು ತೀರ್ಮಾನಿಸಬೇಕೆಂದರೆ ಅದು ಇನ್ನೂ ದೊಡ್ಡ ಅನ್ಯಾಯವಾದೀತು. ಒಂದೇ ತಾಯಿತಂದೆಯ ಇಬ್ಬರು ಮಕ್ಕಳಲ್ಲಿಯೂ, ಮಿಯಾಸಿಸ್ಸಿನ ಅದಲುಬದಲಿನ ದೆಸೆಯಿಂದ, ಆಫ್ರಿಕದ ಪಾಲು ಹೆಚ್ಚುಕಡಮೆಯಾಗುತ್ತದೆ. ಅಕ್ಕ ಸಿದ್ದಿ, ತಂಗಿ ಅಲ್ಲ ಎನ್ನುವವರು ಯಾರು? 1965ರ ಲೋಕೂರ್ ಸಮಿತಿ ಪಂಗಡವನ್ನು ಗುರುತಿಸಲು ಸೂಚಿಸಿದ ಲಕ್ಷಣಗಳು ಜೀವನಕ್ರಮ, ಸಂಸ್ಕೃತಿ, ಒಂಟಿ ನೆಲೆ, ಹೊರಗಿನವರ ಸಂಪರ್ಕದಲ್ಲಿನ ಸಂಕೋಚ, ಹಿಂದುಳಿದಿರುವಿಕೆ. ಅವುಗಳಲ್ಲಿ ರಕ್ತದ ಮಾತಿಲ್ಲ.

ಗುಜರಾತಿನ ಪಟ್ಟಿಯಲ್ಲಿ ಸಿದ್ದಿಗಳ ಹೆಸರಿನ ಮುಂದೆ ಸೌರಾಷ್ಟ್ರದ ಕೆಲವು ಜಿಲ್ಲೆಗಳನ್ನು ಮಾತ್ರ ನಮೂದಿಸಲಾಗಿದೆ. ಜಂಬೂರಿನವರು ಅದರೊಳಗೆ; ನರ್ಮದೆಯ ದಡಕ್ಕೆ ಸಮೀಪವಾದ ರತನ್‌ಪುರದವರೂ, ನವಾಬರು ಆಳಿದ ಸಚಿನ್ನಿನ ಸುತ್ತಮುತ್ತ ಇರುವವರೂ ಹೊರಗೆ.