‘ಕಟ್ ಆಗಿದೆ ಸಾರ್, ಬಿತ್ತಾ?’

ಫ್ರಿಜ್ಜನ್ನು ಆಗಲೇ ಟಾಟಾ ಏಸ್ ಮೇಲೆ ಹತ್ತಿಸಿ ಹಗ್ಗ ಬಿಗಿಯುತ್ತಿದ್ದರು. ಕೊಳ್ಳಲು ಬಂದಿದ್ದ ಹುಡುಗ ಮೊಬೈಲನ್ನು ನನ್ನ ಕಡೆ ತಿರುಗಿಸಿದ. ‘6,500 ಕಟ್ ಆಗಿದೆ ಸಾರ್, ನಿಮಗೆ ಬಿತ್ತಾ?’ ಬಿದ್ದಿರಲಿಲ್ಲ. ಐದು ನಿಮಿಷ ಕಾದೆವು, ಹತ್ತಾಯಿತು. ಡ್ರೈವರ್ ಬೀಡಿ ಮುಗಿಸಿದ. ಹುಡುಗನ ಮುಖ ನೋಡಿದರೆ ಮೋಸಗಾರನಂತಿಲ್ಲ. ಆದರೆ ಮೋಸಗಾರನ ಮುಖ ಮೋಸಗಾರನಂತೆ ಇದ್ದರೆ ಯಾರು ತಾನೇ ಮೋಸಹೋಗುತ್ತಾರೆ?

ಹಳೇ ಸಾಮಾನನ್ನು ಆನ್‌ಲೈನಿನಲ್ಲಿ ಹಾಕಿ, ಮನೆ ಬಾಗಿಲಲ್ಲೇ ಮಾರುವವರಿಗೆಲ್ಲ ಒಂದಲ್ಲ ಒಂದು ದಿನ ಈ ಗಳಿಗೆ ಬರುತ್ತದೆ. ಆಗ ನಮ್ಮ ಕಣ್ಣೆದುರು ಇರುವುದು ದುಡ್ಡಲ್ಲ, ದುಡ್ಡಿನ ಸುದ್ದಿ. ಸುದ್ದಿಯನ್ನು ಯಾರು ಬೇಕಾದರೂ ಹುಟ್ಟಿಸಬಹುದು. ಯಾವುದೇ ಹೆಸರು, ಯಾವುದೇ ಮೊತ್ತ ಕೊಟ್ಟರೂ ‘ಪಾವತಿ ಯಶಸ್ವಿ’ ಎಂದು ಹಸಿರು ಟಿಕ್ಕು ತೋರಿಸಿ, ಟಿಣ್ ಎಂದು ಸದ್ದನ್ನೂ ಮಾಡುವ ನಕಲಿ ಆ್ಯಪ್‌ಗಳಿವೆ. ಅವುಗಳಿಗೂ ಬ್ಯಾಂಕಿಗೂ ಯಾವ ಸಂಬಂಧವೂ ಇಲ್ಲ. ಅವು ಬರೀ ಬಣ್ಣದ ಚಿತ್ರ.

ಅಸಲಿ ದಾರಿ ಹೀಗಿದೆ. ರಾಷ್ಟ್ರೀಯ ಪಾವತಿ ನಿಗಮ ಯುಪಿಐ ಎಂಬ ಪಾವತಿ ವ್ಯವಸ್ಥೆಯನ್ನು 2016ರ ಏಪ್ರಿಲ್‌ನಲ್ಲಿ ಅನಾವರಣ ಮಾಡಿತು. ಕೊಳ್ಳುವವನು ಪಿನ್ ಒತ್ತಿದೊಡನೆ ಅದು ಅವನ ಫೋನಿನಲ್ಲೇ ಗೂಢಲಿಪಿಯಾಗಿ, ಆ್ಯಪ್‌ನ ಕಣ್ಣಿಗೂ ಬೀಳದೆ ಹೊರಡುತ್ತದೆ. ನಿಗಮದ ಕಂಪ್ಯೂಟರ್ ಅವನ ಬ್ಯಾಂಕಿಗೆ ‘ಇಷ್ಟು ಕಳೆ’ ಎನ್ನುತ್ತದೆ, ನಮ್ಮ ಬ್ಯಾಂಕಿಗೆ ‘ಇಷ್ಟು ಕೂಡಿಸು’ ಎನ್ನುತ್ತದೆ. ಎರಡೂ ಕಡೆಯಿಂದ ‘ಹೂಂ’ ಬಂದ ಮೇಲೆ ಲೆಕ್ಕ ಚುಕ್ತಾ. ಸಾಮಾನ್ಯವಾಗಿ ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ. ಆದರೆ ಕಳೆಯುವುದೂ ಕೂಡಿಸುವುದೂ ಎರಡು ಬೇರೆ ಬೇರೆ ಬ್ಯಾಂಕಿನ ಎರಡು ಬೇರೆ ಖಾತಾಪುಸ್ತಕಗಳಲ್ಲಿ ನಡೆಯುವ ಕೆಲಸ. ಮೊದಲನೆಯದು ಆಗಿ, ನಮ್ಮ ಬ್ಯಾಂಕಿನ ಸರ್ವರ್ ಬಾಯಿ ಬಿಡದಿದ್ದರೆ ದುಡ್ಡು ನಡುದಾರಿಯಲ್ಲಿ ನಿಲ್ಲುತ್ತದೆ. ಅಂಥ ದುಡ್ಡನ್ನು ಮಾರನೆಯ ದಿನದೊಳಗೆ ಕಳಿಸಿದವರ ಖಾತೆಗೆ ತಾನಾಗಿ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಆದೇಶವಿದೆ.

ಪೇಚು ಇಲ್ಲೇ ಇರುವುದು. ಪ್ರಾಮಾಣಿಕನ ದುಡ್ಡು ದಾರಿಯಲ್ಲಿ ಸಿಕ್ಕಿಕೊಂಡಾಗಲೂ, ಮೋಸಗಾರ ಕಳಿಸದೇ ಇದ್ದಾಗಲೂ ಮಾರುವವನ ಕಣ್ಣಿಗೆ ಎರಡೂ ಒಂದೇ. ಆದ್ದರಿಂದ ಎದುರಿಗಿರುವವನ ಗುಣ ಅಳೆಯುತ್ತ ಕೂರುವುದರಲ್ಲಿ ಅರ್ಥವಿಲ್ಲ. ಅವನ ಕೈಗೆ ಸಿಗದ ದಾರಿಯಿಂದ ಬಂದ ಸುದ್ದಿ ಮಾತ್ರ ಸಾಕ್ಷಿ: ನಾವೇ ನಮ್ಮ ಬ್ಯಾಂಕ್ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡುವುದು. ತಳ್ಳುಗಾಡಿಯ ಮೇಲಿನ ಸೌಂಡ್‌ಬಾಕ್ಸ್ ಮಾಡುವುದೂ ಇದನ್ನೇ. ಅದರೊಳಗೊಂದು ಸಿಮ್ ಇರುತ್ತದೆ. ಸುದ್ದಿ ಗಿರಾಕಿಯ ಫೋನಿಂದಲ್ಲ, ನೇರ ಸರ್ವರಿನಿಂದ ಬರುತ್ತದೆ.

ಎಸ್‌ಎಂಎಸ್ ನಂಬಿ ಕೆಟ್ಟವರೂ ಇದ್ದಾರೆ. ‘ಅಯ್ಯೋ, 5,000 ಹಾಕೋ ಜಾಗದಲ್ಲಿ 50,000 ಹಾಕ್ಬಿಟ್ಟೆ, ಮಿಕ್ಕಿದ್ದು ವಾಪಸ್ ಹಾಕಿ ಸಾರ್, ಆಸ್ಪತ್ರೆ ಖರ್ಚಿಗೆ ಇಟ್ಟಿದ್ದು’ ಎಂದು ಮೋಸಗಾರರು ಫೋನಿನಲ್ಲಿ ಗೋಳಾಡುತ್ತಾರೆ. ನಿಮ್ಮ ಮೊಬೈಲಿಗೆ 50,000 ಜಮೆಯಾದ ಸಂದೇಶವೂ ಬಂದಿರುತ್ತದೆ. ಅದನ್ನು ಕಳಿಸಿದ್ದು ಬ್ಯಾಂಕಲ್ಲ, ಹತ್ತು ಅಂಕಿಯ ಯಾವುದೋ ಮೊಬೈಲ್ ನಂಬರು. ಗಾಬರಿಯಲ್ಲಿ ಅದನ್ನು ನೋಡುವವರು ಕಡಿಮೆ.

ಇನ್ನು ಕ್ಯೂಆರ್ ಕೋಡ್. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯ ಎಂಜಿನಿಯರ್ ಮಸಾಹಿರೊ ಹರಾ ಇದನ್ನು ರೂಪಿಸಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಮೂಲೆಯ ಮೂರು ಚೌಕಗಳನ್ನು ನೋಡಿ. ಅವುಗಳ ನಡುವಿನ ಮೂಲಕ ಯಾವ ದಿಕ್ಕಿನಿಂದ ಅಡ್ಡಗೆರೆ ಎಳೆದರೂ ಕಪ್ಪು, ಬಿಳುಪು, ಕಪ್ಪು, ಬಿಳುಪು, ಕಪ್ಪು 1:1:3:1:1ರ ಅನುಪಾತದಲ್ಲೇ ಸಿಗುತ್ತವೆ. ಪತ್ರಿಕೆ, ಪೆಟ್ಟಿಗೆ, ಕರಪತ್ರಗಳನ್ನೆಲ್ಲ ತಡಕಾಡಿ, ಅಚ್ಚಿನಲ್ಲಿ ತೀರಾ ಅಪರೂಪವಾದ ಈ ಅನುಪಾತವನ್ನು ಆತನ ತಂಡ ಆರಿಸಿಕೊಂಡಿತು. ಕ್ಯಾಮೆರಾಕ್ಕೆ ಗೊಂದಲವಾಗಬಾರದಲ್ಲ! ಹಾಗಂತ ಒಳಗೇನೂ ಮಾಯೆಯಿಲ್ಲ, ಬರೀ ಒಂದು ಸಾಲು ಬರಹ. ಯುಪಿಐ ಕೋಡಿನಲ್ಲಿ ಬರೆದಿರುವುದು ದುಡ್ಡು ಯಾರಿಗೆ ಹೋಗಬೇಕು, ಅವರ ಹೆಸರೇನು, ಬೇಕಿದ್ದರೆ ಎಷ್ಟು ಎಂಬುದು. ಅದೊಂದು ವಿಳಾಸದ ಚೀಟಿ. ಸ್ಕ್ಯಾನ್ ಮಾಡಿದವನು ಕೊಡುವವನು, ಚೀಟಿಯಲ್ಲಿ ಹೆಸರಿರುವವನು ಪಡೆಯುವವನು. ‘ಕೋಡ್ ಕಳಿಸಿದೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮಗೆ ಬರುತ್ತೆ’ ಎಂದು ಕೊಳ್ಳುವವನು ಹೇಳಿದರೆ, ಕಾಗದದ ವಿಳಾಸ ಬರೆದ ಕೈಗೇ ಕಾಗದ ಬರುತ್ತದೆ ಎಂದಂತಾಯಿತು. ಪಿನ್ ಎಂಬುದು ನಮ್ಮ ಬ್ಯಾಂಕಿಗೆ ಕೊಡುವ ‘ಕಳೆ’ ಎಂಬ ಅಪ್ಪಣೆಗೆ ಹಾಕುವ ರುಜು. ಕೂಡಿಸಿಕೊಳ್ಳುವುದಕ್ಕೆ ಯಾರ ರುಜುವೂ ಬೇಡ.

ಹಿಂದೆ ಇದಕ್ಕಿಂತ ಸಲೀಸಾದ ಬಲೆಯಿತ್ತು. ‘ನನಗೆ ಇಷ್ಟು ಕೊಡಿ’ ಎಂದು ಕೋರಿಕೆ ಕಳಿಸುವ ಸೌಲಭ್ಯ. ಜೊತೆಯ ಟಿಪ್ಪಣಿಯಲ್ಲಿ ‘ಸೋಫಾದ ಹಣ ಸ್ವೀಕರಿಸಿ’ ಎಂದು ಬರೆದರೆ ಓದುವವರಿಗೆ ಬರುವ ದುಡ್ಡಿನಂತೆ ಕಾಣುತ್ತಿತ್ತು. ವ್ಯಕ್ತಿಗಳ ನಡುವಿನ ಈ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಗಮ ನಿಲ್ಲಿಸಿಬಿಟ್ಟಿತು. ಒಂದು ಬಾಗಿಲು ಮುಚ್ಚಿದೆ. ಕ್ಯೂಆರ್ ಬಾಗಿಲಿಗೆ ಚಿಲಕ ಹಾಕಬೇಕಾದವರು ನಾವೇ.

ಈ ಮೋಸಗಾರರ ವೇಷಗಳಲ್ಲಿ ಹೆಸರುವಾಸಿಯಾದದ್ದು ಸೈನಿಕನದು. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ವಾಟ್ಸ್ಆ್ಯಪಿಗೆ ಬರುತ್ತವೆ. ‘ಡ್ಯೂಟಿ ಮೇಲಿದೀನಿ, ಸಾಮಾನು ಒಯ್ಯೋಕೆ ನಮ್ಮ ಹುಡುಗರು ಬರ್ತಾರೆ’ ಎನ್ನುತ್ತಾನೆ. ಮೊದಲು ನಿಮ್ಮಿಂದ 5 ರೂಪಾಯಿ ಹಾಕಿಸಿಕೊಂಡು 10 ವಾಪಸ್ ಕಳಿಸುವುದೂ ಉಂಟು. ಆ ಹತ್ತು ರೂಪಾಯಿ ಗಾಳದ ಹುಳು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುಳಿವು ಬೇರೆ: ಹತ್ತು ವರ್ಷದ ಹಳೇ ಮಿಕ್ಸಿಯನ್ನು ನೋಡದೆ, ಚೌಕಾಸಿ ಮಾಡದೆ ಹೇಳಿದ ರೇಟಿಗೆ ಒಪ್ಪುವ ಮನುಷ್ಯ ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ.

ದುಡ್ಡು ನಿಜವಾಗಿ ಬಿದ್ದ ಮೇಲೂ ಒಂದು ತೊಡಕುಂಟು. ಬಿದ್ದದ್ದು ಕದ್ದ ದುಡ್ಡಾಗಿದ್ದರೆ? ಯಾರೋ ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ, ದುಡ್ಡು ಹಾದುಹೋದ ಖಾತೆಗಳ ಬೆನ್ನು ಹತ್ತಿ ಅಷ್ಟಷ್ಟು ಮೊತ್ತಕ್ಕೆ ತಡೆ ಬೀಳುತ್ತದೆ. ಸರಪಳಿಯ ಕೊನೆಯಲ್ಲಿ ಫ್ರಿಜ್ ಮಾರಿದ ಬಡಪಾಯಿಯೂ ಇರಬಹುದು. ಎದುರಿಗೆ ನಿಂತವನ ಹೆಸರೊಂದು, ದುಡ್ಡು ಹಾಕಿದವರ ಹೆಸರು ಇನ್ನೊಂದು ಎಂದಾದರೆ ಯಾರು, ಏಕೆ ಎಂದು ಕೇಳಲೇಬೇಕು. ಜಾಹೀರಾತು, ಮಾತುಕತೆಯ ಸಂದೇಶ, ಸಾಮಾನಿನ ಫೋಟೊ ಅಳಿಸದೆ ಇಟ್ಟುಕೊಂಡರೆ, ಇದು ಮಾರಾಟದ ದುಡ್ಡೆಂದು ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ನಮ್ಮ ಮನೆಯ ಮುಂದೆ ಅರ್ಧ ಗಂಟೆಯಾಗಿತ್ತು. ಹುಡುಗ ವ್ಯವಹಾರದ ಹನ್ನೆರಡು ಅಂಕಿಯ ಸಂಖ್ಯೆ ಓದಿ ಹೇಳಿದ. ನನ್ನ ಖಾತೆಯಲ್ಲಿ ಅಂಥ ಸಂಖ್ಯೆ ಬಂದಿರಲಿಲ್ಲ. ‘ತಪ್ಪು ತಿಳ್ಕೋಬೇಡಪ್ಪ’ ಎಂದೆ. ಅವನು ಮಾತಾಡದೆ ಹಗ್ಗ ಬಿಚ್ಚಿದ. ಫ್ರಿಜ್ಜು ಕೆಳಗಿಳಿದು ಮತ್ತೆ ವರಾಂಡ ಸೇರಿತು. ಡ್ರೈವರಿಗೆ ಕಾಯಿಸಿದ್ದಕ್ಕೆ ನಾನೇ ಇನ್ನೂರು ಕೊಟ್ಟೆ, ನಗದು.

ಮಾರನೆಯ ದಿನ ಬೆಳಿಗ್ಗೆ ಬಂದ. ದುಡ್ಡು ಅವನ ಖಾತೆಗೆ ವಾಪಸ್ ಆಗಿತ್ತಂತೆ. ಈ ಸಲ ಎಟಿಎಂನಿಂದ ತೆಗೆದ ಐನೂರರ ಹದಿಮೂರು ನೋಟು. ಸಂಕೋಚವಾದರೂ ಒಂದೊಂದನ್ನೇ ಬೆಳಕಿಗೆ ಹಿಡಿದು ಓರೆ ಮಾಡಿದೆ. ಅಸಲಿ ನೋಟಿನ ಭದ್ರತಾ ಎಳೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ಎರಡು ಅಂಚಿನ ಐದೈದು ಗೆರೆಗಳು ಬೆರಳಿಗೆ ಉಬ್ಬಾಗಿ ಸಿಗುತ್ತವೆ. ಹದಿಮೂರೂ ನೀಲಿಯಾದವು.

‘ಆಯ್ತಾ ಸಾರ್?’ ಎಂದ.

‘ಆಯ್ತಪ್ಪ.’

‘ಹಂಗಾದ್ರೆ ಫ್ರಿಜ್ಜನ್ನ ಒಂದ್ಸಲ ಪ್ಲಗ್ ಹಾಕಿ ತೋರ್ಸಿ. ನಿನ್ನೆ ಏರಿಸಿ ಇಳಿಸಿದೀವಿ, ತಣ್ಣಗಾಗುತ್ತೋ ಇಲ್ವೋ ನೋಡ್ಬೇಕಲ್ಲ.’

ಕಂಪ್ರೆಸರ್ ಗುಂಯ್ ಎಂದಿತು. ಅವನು ಫ್ರೀಜರಿನೊಳಗೆ ಕೈಯಿಟ್ಟುಕೊಂಡು, ಗಡಿಯಾರ ನೋಡುತ್ತ, ಪೂರಾ ಅರ್ಧ ಗಂಟೆ ನಿಂತ.